ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್: ಮನೆಯ ಕೋಣೆಗೆ ತಕ್ಕ ಆಯ್ಕೆ

ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ ಎಂಬುದು ಅಯಸ್ಕಾಂತ ಮತ್ತು ಸುರುಳಿಯ ಬದಲು ಸ್ಥಿರವಿದ್ಯುತ್ತಿನ ಸೆಳೆತದಿಂದ ತೆಳುಪೊರೆಯನ್ನು ಕಂಪಿಸುವಂತೆ ಮಾಡಿ ನಾದ ಹೊರಡಿಸುವ ಧ್ವನಿವರ್ಧಕ. ಇದು ಪೆಟ್ಟಿಗೆಯಲ್ಲ, ನೆಟ್ಟಗೆ ನಿಲ್ಲಿಸಿದ ಹಲಗೆ. ಪೆಟ್ಟಿಗೆ ಸ್ಪೀಕರಿಗಿಂತ ಹೆಚ್ಚಾಗಿ ಕೋಣೆಯನ್ನು ನೆಚ್ಚಿಕೊಂಡಿರುವುದರಿಂದ, ಕೊಳ್ಳುವ ಮೊದಲು ಅಳೆಯಬೇಕಾದದ್ದು ಕೋಣೆಯನ್ನೇ.

ರಚನೆ
ಕೂದಲೆಳೆಗಿಂತ ತೆಳುವಾದ, ಕೆಲವೇ ಮೈಕ್ರಾನ್ ದಪ್ಪದ ಪಾಲಿಯೆಸ್ಟರ್ ಪೊರೆಗೆ ಸಾವಿರಾರು ವೋಲ್ಟ್ ಒತ್ತಡ ಕೊಟ್ಟಿರುತ್ತಾರೆ. ಅದರ ಎರಡೂ ಬದಿಗೆ ತೂತುಗಳಿರುವ ಲೋಹದ ತಗಡುಗಳಿರುತ್ತವೆ. ಟ್ರಾನ್ಸ್‌ಫಾರ್ಮರ್ ಹಿಗ್ಗಿಸಿದ ಸಂಗೀತದ ವಿದ್ಯುತ್ತು ಈ ತಗಡುಗಳಿಗೆ ಬಂದಾಗ ಒಂದು ತಗಡು ಪೊರೆಯನ್ನು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಪೊರೆ ಬಹಳ ಹಗುರಾದ್ದರಿಂದ ಸೂಕ್ಷ್ಮ ನಾದಕ್ಕೂ ಥಟ್ಟನೆ ಸ್ಪಂದಿಸುತ್ತದೆ.

ಇತಿಹಾಸ
ಇಂಗ್ಲೆಂಡಿನ ಪೀಟರ್ ವಾಕರ್ ರೂಪಿಸಿದ ಕ್ವಾಡ್ ಇಎಸ್‌ಎಲ್ 1957ರಲ್ಲಿ ಮಾರುಕಟ್ಟೆಗೆ ಬಂತು. 1981ರ ಇಎಸ್‌ಎಲ್-63ರಲ್ಲಿ ತಗಡನ್ನು ಒಂದರೊಳಗೊಂದು ಉಂಗುರಗಳಾಗಿ ವಿಂಗಡಿಸಿ, ಹೊರಗಿನವಕ್ಕೆ ಸಂಕೇತ ತುಸು ತಡವಾಗಿ ತಲುಪುವಂತೆ ಮಾಡಲಾಯಿತು. ಇದರಿಂದ ನಾದ ಹಲಗೆಯ ಹಿಂದಿನ ಒಂದೇ ಬಿಂದುವಿನಿಂದ ಬಂದಂತೆ ಕೇಳುತ್ತದೆ. ಅಮೆರಿಕದ ಮಾರ್ಟಿನ್‌ಲೋಗನ್ ಬಾಗಿದ ಹಲಗೆಗೆ ಮಂದ್ರ ನಾದಕ್ಕಾಗಿ ವೂಫರ್ ಜೋಡಿಸಿದ ಮಿಶ್ರ ಮಾದರಿಗಳಿಗೆ ಹೆಸರಾಗಿದೆ.

ಕೋಣೆ ಮತ್ತು ಅಂತರ
ಹಲಗೆ ಮುಂದಕ್ಕೆ ಹೊಮ್ಮಿಸಿದಷ್ಟೇ ನಾದವನ್ನು ಹಿಂದಕ್ಕೂ ಹೊಮ್ಮಿಸುತ್ತದೆ, ಆದರೆ ತಿರುವುಮುರುವಾಗಿ. ಹಿಂಗೋಡೆ 1 ಮೀಟರ್ ದೂರವಿದ್ದರೆ ಹಿಂದಿನ ಅಲೆ 2 ಮೀಟರ್ ಹೆಚ್ಚು ಸಾಗಿ, ಸುಮಾರು 6 ಮಿಲಿಸೆಕೆಂಡ್ ತಡವಾಗಿ ಮರಳುತ್ತದೆ. ಅಂತರ ಕಡಿಮೆಯಾದಷ್ಟೂ ಹಾಡುಗಾರರ ದನಿ ಕದಡುತ್ತದೆ. ಅಂಚು ಸುತ್ತಿಬರುವ ಅಲೆ ಮಂದ್ರ ನಾದವನ್ನು ಅಳಿಸುವುದರಿಂದ ಚಿಕ್ಕ ಹಲಗೆಗೆ ವೂಫರಿನ ನೆರವು ಬೇಕು.

ರಾಯಬಾಗ ತಾಲ್ಲೂಕಿನ ಹಾರೂಗೇರಿಯಂಥ ಊರಿನಲ್ಲಿ ಮಣ್ಣಿನ ಮಾಳಿಗೆ, ದಪ್ಪ ಗೋಡೆಯ ಹಳೆಯ ಮನೆಗೂ ಟೈಲ್ಸ್ ಹಾಸಿದ ಆರ್‌ಸಿಸಿ ಮನೆಗೂ ಕೇಳ್ಮೆಯಲ್ಲಿ ಬಹಳ ಅಂತರವಿದೆ. ಬರಿಗೋಣೆಯ ನಡುವೆ ಚಪ್ಪಾಳೆ ತಟ್ಟಿದಾಗ ಝಣಝಣ ಮರುದನಿ ಬಂದರೆ ನೆಲಕ್ಕೆ ಜಮಖಾನೆ, ಗೋಡೆಗೆ ಪುಸ್ತಕದ ಕಪಾಟು ಬೇಕು. ಗೋಡೆಗೆ ತೂಗಿದ ಕಂಬಳಿ ತಾರ ನಾದವನ್ನಷ್ಟೇ ಹೀರುತ್ತದೆ. ಮಂದ್ರಕ್ಕೆ ಅಂತರವೇ ಮದ್ದು. 10 ಅಡಿ ಚೌಕದ ಕೋಣೆಗೆ ಸಾಮಾನ್ಯ ಪೆಟ್ಟಿಗೆ ಸ್ಪೀಕರೇ ಲೇಸು. ಹಲಗೆಯ ಹಿಂದೆ ಒಂದು ಮೀಟರ್, ಮುಂದೆ ಎರಡು-ಎರಡೂವರೆ ಮೀಟರ್ ಬಿಡುವಷ್ಟು ಉದ್ದದ ಪಡಸಾಲೆಗೆ ಇದು ಒಪ್ಪುತ್ತದೆ.

ಆಲಿಸಿ ಪರೀಕ್ಷಿಸುವುದು
ಹಾರೂಗೇರಿಯ ವಾಯವ್ಯಕ್ಕೆ, ಗಡಿಯಾಚೆಗಿರುವ ಮಿರಜ ತಂಬೂರಿ ತಯಾರಿಕೆಗೆ ಪ್ರಸಿದ್ಧ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ಎಳೆದಿಟ್ಟ ನೂಲನ್ನು ಕೂದಲಿನಷ್ಟು ಸರಿಸಿದರೂ ಜವಾರಿಯ ಝೇಂಕಾರ ಬದಲಾಗುತ್ತದೆ. ಈ ಝೇಂಕಾರವನ್ನು ಸರಿಯಾಗಿ ಕೇಳಿಸುವುದು ಸ್ಪೀಕರಿಗೆ ಕಠಿಣ ಪರೀಕ್ಷೆ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಗಾಯಕ ಕುಮಾರ ಗಂಧರ್ವರ ಧ್ವನಿಮುದ್ರಿಕೆಯನ್ನು ಹಾಕಿ, ಎರಡು ತಂಬೂರಿಗಳ ನಡುವೆ ಅವರ ದನಿ ಬೇರೆಯಾಗಿ ನಿಲ್ಲುತ್ತದೆಯೇ ಎಂದು ಕೇಳಬೇಕು. ಬಳಿಕ ಎರಡು ಮೊಳ ಪಕ್ಕಕ್ಕೆ ಸರಿದು ಕೂರಬೇಕು. ಚಪ್ಪಟೆ ಹಲಗೆಯ ತಾರ ನಾದ ನೇರ ಎದುರಿಗೇ ಹರಿಯುವುದರಿಂದ ಅಲ್ಲಿ ಮಿನುಗು ಕುಂದುತ್ತದೆ. ಒಬ್ಬರೇ ಕೇಳುವವರಿಗೆ ಇದು ತೊಡಕಲ್ಲ. ಮನೆಮಂದಿಯೆಲ್ಲ ಕೂತು ಕೇಳುವುದಾದರೆ ಬಾಗಿದ ಹಲಗೆಯನ್ನು ನೋಡಬೇಕು.

ವಿದ್ಯುತ್ತು, ಧೂಳು, ಜೋಪಾನ
ತಾರ ನಾದದಲ್ಲಿ ಈ ಸ್ಪೀಕರಿನ ವಿದ್ಯುತ್ ತಡೆ ಬಹಳ ಇಳಿಯುತ್ತದೆ, ಕೆಲವು ಮಾದರಿಗಳಲ್ಲಿ 1 ಓಮ್ ಆಸುಪಾಸಿಗೆ. ಅದನ್ನು ತಾಳುವ ಆಂಪ್ಲಿಫೈಯರ್ ಇರಬೇಕು. ವಿದ್ಯುದಾವೇಶಗೊಂಡ ಪೊರೆ ಧೂಳನ್ನು ಸೆಳೆಯುತ್ತದೆ. ತೇವ ಹೆಚ್ಚಾದರೆ ಆವೇಶ ಸೋರಿ ಸದ್ದು ಇಳಿಯಬಹುದು, ಚಟಪಟ ಶಬ್ದ ಬರಬಹುದು. ಧೂಳಿನ ಕಾರಣಕ್ಕೆ ಬಂಡಿ, ಟ್ರ್ಯಾಕ್ಟರ್ ಓಡಾಡುವ ರಸ್ತೆಯ ಕಡೆಯ ಕೋಣೆಗಿಂತ ಒಳಗೋಣೆ ಮೇಲು. ಪ್ಲಗ್ ಕಳಚಿ, ಆವೇಶ ಪೂರ್ತಿ ಇಳಿದ ಮೇಲಷ್ಟೇ ಧೂಳು ತೆಗೆಯಬೇಕು. ಒಳಗೆ ಪ್ರಾಣಾಪಾಯದ ವೋಲ್ಟೇಜ್ ಇರುವುದರಿಂದ ಮಕ್ಕಳ ಕೈಗೆ ಸಿಗದಂತೆ ಇಡಬೇಕು, ತಾವೇ ಬಿಚ್ಚಬಾರದು.

ಅಂಗಡಿಯ ಕೋಣೆಯಲ್ಲಿ ಸೊಗಸಾಗಿ ಕೇಳಿದ ಹಲಗೆ ಮನೆಯಲ್ಲಿ ಹಾಗೆಯೇ ಕೇಳದು. ಸಾಧ್ಯವಾದರೆ ಕೆಲವು ದಿನ ಮನೆಗೇ ತಂದು, ತಾವು ಬಹುಕಾಲದಿಂದ ಕೇಳಿದ ಹಾಡನ್ನೇ ಹಾಕಿ ಆಲಿಸಿ ಕೊಳ್ಳುವುದು ಒಳಿತು.