ಅಥ್ಲೆಟಿಕ್ಸ್ ತರಬೇತುದಾರರ ವೃತ್ತಿ: ಪುರುಷೋತ್ತಮ ರೈ ಅವರ ಸೇವಾ ಪರಿಚಯ

ಪೀಠಿಕೆ

ಓಟದ ಸ್ಪರ್ಧೆಯ ಫಲಿತಾಂಶ ಪಟ್ಟಿಯಲ್ಲಿ ಕ್ರೀಡಾಪಟುವಿನ ಹೆಸರು, ಕಾಲ ಮತ್ತು ಸ್ಥಾನ ನಮೂದಾಗುತ್ತವೆ. ಕ್ರೀಡಾಪಟುವನ್ನು ಸಿದ್ಧಗೊಳಿಸಿದ ತರಬೇತುದಾರರ ಹೆಸರಿಗೆ ಅದರಲ್ಲಿ ಸ್ಥಳವಿರುವುದಿಲ್ಲ. ಈ ಕಾರಣದಿಂದ ತರಬೇತಿ ವೃತ್ತಿಯ ಸ್ವರೂಪವು ಸಾರ್ವಜನಿಕರಿಗೆ ಸಾಕಷ್ಟು ಪರಿಚಿತವಾಗಿಲ್ಲ. ಕಾಲೇಜು ಹಾಗೂ ಕ್ರೀಡಾ ಕೇಂದ್ರಗಳಲ್ಲಿ ತರಬೇತುದಾರರಾಗಲು ಇಚ್ಛಿಸುವ ಅಭ್ಯರ್ಥಿಗಳ ಅನುಕೂಲಕ್ಕಾಗಿ ರಾಜ್ಯದ ಹಿರಿಯ ತರಬೇತುದಾರರಾಗಿದ್ದ ಶ್ರೀ ಪುರುಷೋತ್ತಮ ರೈ ಅವರ ಸೇವೆಯ ಪರಿಚಯವನ್ನೂ, ವೃತ್ತಿಯನ್ನು ಪ್ರವೇಶಿಸುವ ಮಾರ್ಗಗಳನ್ನೂ ಇಲ್ಲಿ ನೀಡಲಾಗಿದೆ.

ಹಿನ್ನೆಲೆ

ಸ್ವಾತಂತ್ರ್ಯಾನಂತರದ ಮೊದಲ ದಶಕಗಳಲ್ಲಿ ಜಿಲ್ಲೆಗಳ ಓಟಗಾರರು ತರಬೇತಿಗಾಗಿಯೂ ಜೀವನೋಪಾಯಕ್ಕಾಗಿಯೂ ಬೆಂಗಳೂರನ್ನು ಆಶ್ರಯಿಸಬೇಕಾಗಿತ್ತು. 1940ರಲ್ಲಿ ಕೋಲಾರದಲ್ಲಿ ಜನಿಸಿದ ಕೆನೆತ್ ಪೊವೆಲ್ ಅವರು ಬೆಂಗಳೂರಿಗೆ ಬಂದು ಭಾರತೀಯ ದೂರವಾಣಿ ಕಾರ್ಖಾನೆಯಲ್ಲಿ ಉದ್ಯೋಗಕ್ಕೆ ಸೇರಿ, 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಪ್ರತಿನಿಧಿಸಿದರು. 1965ರಲ್ಲಿ ಅರ್ಜುನ ಪ್ರಶಸ್ತಿಗೆ ಪಾತ್ರರಾದರು. ಅವರು 2022ರಲ್ಲಿ ನಿಧನರಾದರು.

ತರಬೇತಿಯನ್ನು ಶಾಸ್ತ್ರೀಯವಾಗಿ ಬೋಧಿಸುವ ವ್ಯವಸ್ಥೆ 1961ರಲ್ಲಿ ಪಟಿಯಾಲದಲ್ಲಿ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಸ್ಥಾಪನೆಯೊಂದಿಗೆ ಆರಂಭವಾಯಿತು. 1973ರಲ್ಲಿ ಸಂಸ್ಥೆಗೆ ನೇತಾಜಿ ಸುಭಾಷ್ ಅವರ ಹೆಸರನ್ನು ಇಡಲಾಯಿತು. ಇಲ್ಲಿ ತರಬೇತಿ ಪಡೆದವರು ನಂತರದ ವರ್ಷಗಳಲ್ಲಿ ರಾಜ್ಯಗಳ ಕ್ರೀಡಾ ಇಲಾಖೆಗಳಲ್ಲಿಯೂ, ಸೇನಾಪಡೆಗಳಲ್ಲಿಯೂ, ಶಿಕ್ಷಣ ಸಂಸ್ಥೆಗಳಲ್ಲಿಯೂ ಸೇವೆಗೆ ಸೇರಿದರು. ಶ್ರೀ ರೈ ಅವರು ಈ ಪೀಳಿಗೆಗೆ ಸೇರಿದವರು.

ಸೇವಾ ವಿವರ

ನೇತಾಜಿ ಕ್ರೀಡಾ ಸಂಸ್ಥೆಯಲ್ಲಿ ವ್ಯಾಸಂಗ ಪೂರೈಸಿದ ಶ್ರೀ ರೈ ಅವರು 1974ರಲ್ಲಿ ತರಬೇತಿ ವೃತ್ತಿಯನ್ನು ಪ್ರವೇಶಿಸಿದರು. ಸೇನಾಪಡೆಗಳ ಕ್ರೀಡಾ ವಿಭಾಗ, ಕರ್ನಾಟಕದ ಇಂದಿನ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಹಾಗೂ ಭಾರತೀಯ ಕ್ರೀಡಾ ಪ್ರಾಧಿಕಾರಗಳಲ್ಲಿ ಸೇವೆ ಸಲ್ಲಿಸಿ, 2001ರಲ್ಲಿ ಪ್ರಾಧಿಕಾರದಿಂದ ನಿವೃತ್ತರಾದರು. 1987ರಲ್ಲಿ ರೋಮ್‌ನಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಹಾಗೂ 1999ರಲ್ಲಿ ಕಠ್ಮಂಡುವಿನಲ್ಲಿ ನಡೆದ ದಕ್ಷಿಣ ಏಷ್ಯಾ ಕ್ರೀಡಾಕೂಟಗಳಿಗೆ ಭಾರತ ತಂಡದ ತರಬೇತುದಾರರಾಗಿ ಕಾರ್ಯನಿರ್ವಹಿಸಿದರು.

ಅವರಿಂದ ತರಬೇತಿ ಪಡೆದವರಲ್ಲಿ ಕೆಲವರ ಸಾಧನೆ ಹೀಗಿದೆ:

1. ವಂದನಾ ರಾವ್: 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನ 4×400 ಮೀಟರ್ ರಿಲೇ ಅಂತಿಮ ಸ್ಪರ್ಧೆಯಲ್ಲಿ 7ನೇ ಸ್ಥಾನ ಪಡೆದ ಹಾಗೂ 1986ರ ಸೋಲ್ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡಗಳ ಸದಸ್ಯೆ.
2. ಅಶ್ವಿನಿ ನಾಚಪ್ಪ: ಅರ್ಜುನ ಪ್ರಶಸ್ತಿ ಪುರಸ್ಕೃತ ಓಟಗಾರ್ತಿ.
3. ಪ್ರಮೀಳಾ ಅಯ್ಯಪ್ಪ: 2000 ಮತ್ತು 2008ರ ಒಲಿಂಪಿಕ್ಸ್‌ಗಳಲ್ಲಿ ಹೆಪ್ಟಾಥ್ಲಾನ್ ಸ್ಪರ್ಧಿ, 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚಿನ ಪದಕ.
4. ಮುರಳಿ ಕುಟ್ಟನ್, ರೋಸಾ ಕುಟ್ಟಿ, ಎಂ.ಕೆ. ಆಶಾ, ಇ.ಬಿ. ಶೈಲಾ ಮೊದಲಾದ ಅಥ್ಲೀಟ್‌ಗಳು.

ಈ ಪಟ್ಟಿಯಲ್ಲಿ ವೇಗದ ಓಟ, ರಿಲೇ, ಮಧ್ಯಮ ದೂರದ ಓಟ ಹಾಗೂ ಏಳು ಸ್ಪರ್ಧೆಗಳನ್ನು ಒಳಗೊಂಡ ಹೆಪ್ಟಾಥ್ಲಾನ್ ಸೇರಿರುವುದನ್ನು ಅಭ್ಯರ್ಥಿಗಳು ಗಮನಿಸಬಹುದು. ಒಬ್ಬ ತರಬೇತುದಾರರು ಭಿನ್ನ ಸ್ವರೂಪದ ಸ್ಪರ್ಧೆಗಳಿಗೆ ಭಿನ್ನ ಕ್ರಮದಲ್ಲಿ ಕ್ರೀಡಾಪಟುಗಳನ್ನು ಅಣಿಗೊಳಿಸಬೇಕಾಗುತ್ತದೆ.

ತರಬೇತಿಯ ಸ್ವರೂಪ

ವರ್ಷದ ಕಾರ್ಯಕ್ರಮವನ್ನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ರೂಪಿಸಲಾಗುತ್ತದೆ. ಮೊದಲ ಹಂತದಲ್ಲಿ ದೀರ್ಘ ಹಾಗೂ ನಿಧಾನ ಓಟದಿಂದ ಸಹನಶಕ್ತಿಯನ್ನು ಬೆಳೆಸಲಾಗುತ್ತದೆ. ಎರಡನೆಯ ಹಂತದಲ್ಲಿ ನಿಗದಿತ ದೂರವನ್ನು ನಿಗದಿತ ವಿರಾಮದೊಂದಿಗೆ ಪುನರಾವರ್ತಿಸಿ ಓಡಿಸಲಾಗುತ್ತದೆ. ಸ್ಪರ್ಧೆ ಸಮೀಪಿಸಿದಂತೆ ಓಟದ ಪ್ರಮಾಣವನ್ನು ಇಳಿಸಿ, ವೇಗವನ್ನು ಉಳಿಸಿಕೊಳ್ಳಲಾಗುತ್ತದೆ.

ಗುಡ್ಡಗಾಡು ಓಟ ಅಥವಾ ಕ್ರಾಸ್ ಕಂಟ್ರಿ ಸ್ಪರ್ಧೆಯು ಹುಲ್ಲು, ಮಣ್ಣು ಮತ್ತು ಏರುತಗ್ಗುಗಳ ನೆಲದಲ್ಲಿ ನಡೆಯುತ್ತದೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 2017ರಿಂದ ಹಿರಿಯರ ವಿಭಾಗದ ಪುರುಷ ಮತ್ತು ಮಹಿಳೆಯರಿಬ್ಬರಿಗೂ 10 ಕಿ.ಮೀ. ದೂರವನ್ನು ನಿಗದಿಪಡಿಸಲಾಗಿದೆ. ತಂಡದ ಅಂಕಗಳನ್ನು ಓಟಗಾರರ ಸ್ಥಾನಗಳನ್ನು ಕೂಡಿಸಿ ಎಣಿಸಲಾಗುವುದರಿಂದ, ಮುಂದಿರುವ ಒಬ್ಬರಷ್ಟೇ ಹಿಂದಿರುವ ಓಟಗಾರರ ಪ್ರಗತಿಯೂ ತರಬೇತುದಾರರ ಹೊಣೆಯಾಗುತ್ತದೆ.

ಗೌರವ ಮತ್ತು ನಿಧನ

ತರಬೇತುದಾರರಿಗಾಗಿ ಭಾರತ ಸರ್ಕಾರವು 1985ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿಯನ್ನು ಸ್ಥಾಪಿಸಿತು. ಶ್ರೀ ರೈ ಅವರನ್ನು 2020ನೇ ಸಾಲಿನಲ್ಲಿ ಜೀವಮಾನ ಸಾಧನೆ ವಿಭಾಗದಲ್ಲಿ ಈ ಪ್ರಶಸ್ತಿಗೆ ಆಯ್ಕೆ ಮಾಡಲಾಯಿತು. ಆಗ ಅವರು ವೃತ್ತಿ ಆರಂಭಿಸಿ 46 ವರ್ಷಗಳೂ, ನಿವೃತ್ತರಾಗಿ 19 ವರ್ಷಗಳೂ ಸಂದಿದ್ದವು.

ಕೋವಿಡ್-19ರ ಕಾರಣ ಆ ವರ್ಷ ಪ್ರಶಸ್ತಿ ಪ್ರದಾನವನ್ನು ಆಗಸ್ಟ್ 29ರಂದು ದೂರಸಂಪರ್ಕದ ಮೂಲಕ ಏರ್ಪಡಿಸಲಾಗಿತ್ತು. ಹಿಂದಿನ ದಿನ, ಆಗಸ್ಟ್ 28ರಂದು, ಬೆಂಗಳೂರಿನಲ್ಲಿ ನಡೆದ ಪೂರ್ವಾಭ್ಯಾಸದಲ್ಲಿ ಶ್ರೀ ರೈ ಅವರು ಪಾಲ್ಗೊಂಡಿದ್ದರು. ಅದೇ ದಿನ ಹೃದಯಾಘಾತದಿಂದ ತಮ್ಮ 79ನೇ ವಯಸ್ಸಿನಲ್ಲಿ ನಿಧನರಾದರು. ಪ್ರಶಸ್ತಿಯನ್ನು ಸ್ವತಃ ಸ್ವೀಕರಿಸುವ ಅವಕಾಶ ಅವರಿಗೆ ಒದಗಲಿಲ್ಲ.

ಅಥ್ಲೆಟಿಕ್ಸ್ ತರಬೇತುದಾರರಾದ ಎನ್. ಲಿಂಗಪ್ಪ ಅವರಿಗೆ 2014ರಲ್ಲಿ ಹಾಗೂ ವಿ.ಆರ್. ಬೀಡು ಅವರಿಗೆ 2018ರಲ್ಲಿ ಇದೇ ವಿಭಾಗದ ಪ್ರಶಸ್ತಿ ಲಭಿಸಿದೆ. ಮನ್ನಣೆಯು ದಶಕಗಳ ಸೇವೆಯ ನಂತರವೇ ದೊರೆಯಬಹುದಾದ್ದರಿಂದ, ಈ ವೃತ್ತಿಯನ್ನು ಆಯ್ದುಕೊಳ್ಳುವವರಿಗೆ ದೈನಂದಿನ ಕಾರ್ಯದಲ್ಲಿಯೇ ತೃಪ್ತಿ ಕಾಣುವ ಮನೋಭಾವ ಅವಶ್ಯಕ.

ವೃತ್ತಿ ಪ್ರವೇಶದ ಮಾರ್ಗಗಳು

ಅ) ತರಬೇತುದಾರರು: ಪಟಿಯಾಲದ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ಕ್ರೀಡಾ ತರಬೇತಿಯಲ್ಲಿ ಡಿಪ್ಲೊಮಾ ನೀಡುತ್ತದೆ. ಶೈಕ್ಷಣಿಕ ಅರ್ಹತೆಯೊಂದಿಗೆ ಕ್ರೀಡಾ ಸಾಧನೆಯ ಪ್ರಮಾಣಪತ್ರಗಳನ್ನೂ ಪರಿಗಣಿಸಲಾಗುವುದರಿಂದ, ಅಭ್ಯರ್ಥಿಗಳು ಶಾಲಾ ದಿನಗಳಿಂದಲೇ ಪ್ರಮಾಣಪತ್ರಗಳನ್ನು ಜೋಪಾನವಾಗಿ ಇರಿಸಿಕೊಳ್ಳುವುದು ಸೂಕ್ತ.

ಆ) ಕಾಲೇಜು ದೈಹಿಕ ಶಿಕ್ಷಣ ನಿರ್ದೇಶಕರು: ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಗಳು ಶೇ. 55 ಅಂಕಗಳೊಂದಿಗೆ ದೈಹಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ, ಅರ್ಹತಾ ಪರೀಕ್ಷೆ, ಸ್ಪರ್ಧೆಗಳಲ್ಲಿ ಭಾಗವಹಿಸಿದ ದಾಖಲೆ ಹಾಗೂ ದೈಹಿಕ ಸಾಮರ್ಥ್ಯ ಪರೀಕ್ಷೆಯನ್ನು ವಿಧಿಸಿವೆ. ಆ ನಿಯಮಗಳ ಮೇರೆಗೆ 30 ವರ್ಷದವರೆಗಿನ ಪುರುಷರು 12 ನಿಮಿಷಗಳಲ್ಲಿ 1,800 ಮೀಟರ್, ಮಹಿಳೆಯರು 8 ನಿಮಿಷಗಳಲ್ಲಿ 1,000 ಮೀಟರ್ ಓಟ ಅಥವಾ ನಡಿಗೆಯನ್ನು ಪೂರೈಸತಕ್ಕದ್ದು.

ಅರ್ಜಿ ಸಲ್ಲಿಸುವ ಮುನ್ನ ಆಯಾ ಸಾಲಿನ ಅಧಿಸೂಚನೆಯನ್ನು ಪೂರ್ಣವಾಗಿ ಓದಿ, ಅರ್ಹತೆಯನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಕೋಲಾರ ಜಿಲ್ಲೆಯ ಅಭ್ಯರ್ಥಿಗಳ ಗಮನಕ್ಕೆ

ಕೋಲಾರ ಚಿನ್ನದ ಗಣಿಗಳು 2001ರಲ್ಲಿ ಮುಚ್ಚಿದ ನಂತರ ಚಾಂಪಿಯನ್ ರೀಫ್ಸ್ ಹಾಗೂ ಸುತ್ತಲಿನ ಬಡಾವಣೆಗಳ ಅನೇಕರು ಉದ್ಯೋಗಕ್ಕಾಗಿ ಬಂಗಾರಪೇಟೆ ಮಾರ್ಗವಾಗಿ ರೈಲಿನಲ್ಲಿ ಪ್ರತಿದಿನ ಬೆಂಗಳೂರಿಗೆ ಪ್ರಯಾಣಿಸುತ್ತಾರೆ. ಓಟದಲ್ಲಿ ಆಸಕ್ತಿಯುಳ್ಳ ಈ ಭಾಗದ ಯುವಕ ಯುವತಿಯರು ತರಬೇತಿಗಾಗಿಯೂ ಇದೇ ದೂರವನ್ನು ಕ್ರಮಿಸುವ ಮೊದಲು, ಜಿಲ್ಲಾ ಕೇಂದ್ರದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕ್ರೀಡಾ ವಸತಿನಿಲಯಗಳ ಆಯ್ಕೆ ಪ್ರಕ್ರಿಯೆ, ಜಿಲ್ಲಾ ಮಟ್ಟದ ಸ್ಪರ್ಧೆಗಳು ಹಾಗೂ ತರಬೇತುದಾರರ ಲಭ್ಯತೆಯ ಕುರಿತು ವಿಚಾರಿಸಬಹುದು. ಕಾಲೇಜು ವಿದ್ಯಾರ್ಥಿಗಳು ತಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರ ಮೂಲಕ ಅಂತರ ಕಾಲೇಜು ಗುಡ್ಡಗಾಡು ಓಟ ಹಾಗೂ ಅಥ್ಲೆಟಿಕ್ಸ್ ಸ್ಪರ್ಧೆಗಳಿಗೆ ಹೆಸರು ನೋಂದಾಯಿಸಿಕೊಳ್ಳಬಹುದಾಗಿದೆ.