ಹಳೆಯ ಟ್ರಾನ್ಸ್‌ಫಾರ್ಮರಿನ ಎಣ್ಣೆ

ವಿದ್ಯುತ್ ಉಪಕೇಂದ್ರದ ಹಳೆಯ ಟ್ರಾನ್ಸ್‌ಫಾರ್ಮರನ್ನು ಬದಲಿಸುವುದೆಂದರೆ ಕಳಚಿ ಗುಜರಿಗೆ ಹಾಕುವುದಷ್ಟೇ ಎಂದುಕೊಂಡಿದ್ದೀರಾ? ಅದರೊಳಗಿನ ಎಣ್ಣೆಗೂ ಒಂದು ಚರಿತ್ರೆಯಿದೆ.

ಸುರುಳಿಗಳನ್ನು ತಂಪಾಗಿಡುವ ಖನಿಜ ತೈಲಕ್ಕೆ ಬೆಂಕಿ ಹತ್ತುವ ಭಯವಿತ್ತು. 1929ರಿಂದ ಅಮೆರಿಕದಲ್ಲಿ ತಯಾರಾದ, ಸುಲಭವಾಗಿ ಉರಿಯದ ಪಿಸಿಬಿ ದ್ರವಗಳು ವರವೆನಿಸಿದವು. ಯಾವುದಕ್ಕೂ ಜಗ್ಗದ ಆ ಗುಣವೇ ಶಾಪವಾಯಿತು. ಪಿಸಿಬಿ ಮಣ್ಣಿನಲ್ಲಿ ಬೇಗ ವಿಘಟನೆಯಾಗದು. ಜೀವಿಗಳ ಕೊಬ್ಬಿನಲ್ಲಿ ಶೇಖರವಾಗುತ್ತದೆ. 1966ರಲ್ಲಿ ಸ್ವೀಡನ್ನಿನ ಸೋರೆನ್ ಯೆನ್ಸೆನ್ ಮೀನುಗಳಲ್ಲಿ ಅದನ್ನು ಗುರುತಿಸಿದರು. 1968ರಲ್ಲಿ ಜಪಾನಿನಲ್ಲಿ ಅಕ್ಕಿ ತವುಡಿನ ಎಣ್ಣೆಗೆ ಅದು ಬೆರೆತು ಸಾವಿರಕ್ಕೂ ಹೆಚ್ಚು ಜನ ನರಳಿದರು.

2001ರ ಸ್ಟಾಕ್‌ಹೋಮ್ ಒಪ್ಪಂದವು ಉಪಕರಣಗಳಲ್ಲಿ ಪಿಸಿಬಿ ಬಳಕೆ ನಿಲ್ಲಿಸಲು 2025ರ, ತ್ಯಾಜ್ಯದ ಸುರಕ್ಷಿತ ವಿಲೇವಾರಿಗೆ 2028ರ ಗಡುವು ಇಟ್ಟಿತು. ಒಂದೇ ಶೋಧಕ ಯಂತ್ರವನ್ನು ಹಲವೆಡೆ ಬಳಸಿದರೆ ಖನಿಜ ತೈಲಕ್ಕೂ ಪಿಸಿಬಿ ಸೇರಬಹುದು. ಆದ್ದರಿಂದ ಪರೀಕ್ಷಿಸದ ಹಳೆಯ ಎಣ್ಣೆ ಉಪಕೇಂದ್ರದ ಗೇಟು ದಾಟಬಾರದು.