ಬೆಳವಣಿಗೆ ಹಾರ್ಮೋನ್ ಕೊರತೆ: ಮಕ್ಕಳಲ್ಲಿ ರೋಗನಿರ್ಣಯದ ಇತಿಹಾಸ

ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಸಾಕಷ್ಟು ಬೆಳವಣಿಗೆ ಹಾರ್ಮೋನ್ ಸ್ರವಿಸದಿದ್ದರೆ ಮಗುವಿನ ಎತ್ತರ ಕುಂಠಿತವಾಗುತ್ತದೆ. 1958ರಲ್ಲಿ ವೈದ್ಯ ಮಾರಿಸ್ ರೇಬೆನ್, ಮೃತರ ಪಿಟ್ಯುಟರಿಯಿಂದ ತೆಗೆದ ಹಾರ್ಮೋನ್ ಕೊಟ್ಟು ಒಬ್ಬ ಹದಿಹರೆಯದ ರೋಗಿಯ ಎತ್ತರ ಹೆಚ್ಚಿಸಿದರು. ಆಗ ಚಿಕಿತ್ಸೆಯಿತ್ತು, ಕೊರತೆಯನ್ನು ಅಳೆಯುವ ದಾರಿ ಇರಲಿಲ್ಲ. ವಿಜ್ಞಾನಿಗಳಾದ ಯಾಲೋ ಮತ್ತು ಬರ್ಸನ್ ರೂಪಿಸಿದ, ರಕ್ತದಲ್ಲಿನ ಹಾರ್ಮೋನ್ ಅಳೆಯುವ ರೇಡಿಯೋಇಮ್ಯುನೋಅಸ್ಸೇ ಆ ದಾರಿ ತೆರೆಯಿತು. ಆದರೆ ಈ ಹಾರ್ಮೋನ್ ನಿದ್ದೆಯಲ್ಲಿ ಉಕ್ಕಿ, ಹಗಲಿನ ಬಹುಪಾಲು ಹೊತ್ತು ತಗ್ಗಿರುತ್ತದೆ. ಯಾವುದೋ ಒಂದು ಗಳಿಗೆಯ ರಕ್ತ ಏನನ್ನೂ ಹೇಳದು. ಇನ್ಸುಲಿನ್‌ನಿಂದ ರಕ್ತದ ಸಕ್ಕರೆ ಇಳಿಸಿದರೆ ಹಾರ್ಮೋನ್ ಏರುತ್ತದೆಂದು 1963ರಲ್ಲಿ ತಿಳಿದ ಮೇಲೆ ಪ್ರಚೋದನಾ ಪರೀಕ್ಷೆಗಳು ಬಳಕೆಗೆ ಬಂದವು. ಮುಂದೆ ಆರ್ಜಿನೈನ್, ಕ್ಲೋನಿಡಿನ್ ಎಂಬ ಪ್ರಚೋದಕಗಳೂ ಸೇರಿದವು.

ಹಾಗೆಂದು ಈ ಪರೀಕ್ಷೆಯೇ ಅಂತಿಮ ತೀರ್ಪಲ್ಲ. ಚಿಕಿತ್ಸೆಗೆ ಬೇಕಾದ ಹಾರ್ಮೋನ್ ವಿರಳವಾಗಿದ್ದಾಗ ಪರೀಕ್ಷೆಯಲ್ಲಿ ಕೊರತೆಯೆನ್ನುವ ಗಡಿ ಬಿಗಿಯಾಗಿತ್ತು. 1985ರಲ್ಲಿ ಪ್ರಯೋಗಾಲಯದಲ್ಲಿ ತಯಾರಾದ ಹಾರ್ಮೋನ್ ಬಂದ ಮೇಲೆ ಆ ಗಡಿ ಮಿಲಿಲೀಟರಿಗೆ 10 ನ್ಯಾನೋಗ್ರಾಂವರೆಗೂ ಏರಿತು. ಆರೋಗ್ಯವಂತ ಮಕ್ಕಳೂ ಒಮ್ಮೊಮ್ಮೆ ಈ ಗಡಿ ದಾಟುವುದಿಲ್ಲ. ಆದ್ದರಿಂದಲೇ ಎರಡು ಪ್ರಚೋದನಾ ಪರೀಕ್ಷೆ, ಬೆಳವಣಿಗೆ ಹಾರ್ಮೋನ್‌ನ ಸೂಚಕವಾದ ಐಜಿಎಫ್-1ರ ಮಟ್ಟ, ಎಲುಬಿನ ವಯಸ್ಸು ತಿಳಿಸುವ ಎಡಗೈ ಮಣಿಕಟ್ಟಿನ ಎಕ್ಸ್‌ರೇ, ಪಿಟ್ಯುಟರಿಯ ಎಂಆರ್‌ಐ ಇವೆಲ್ಲ ಕೂಡಿದಾಗಲೇ ನಿರ್ಣಯ. ಇವೆಲ್ಲಕ್ಕೂ ಮೊದಲಿನದು ಬೆಳವಣಿಗೆಯ ವೇಗ: ಐದು ವರ್ಷ ದಾಟಿದ, ಇನ್ನೂ ಪ್ರೌಢಾವಸ್ಥೆಗೆ ಬಾರದ ಮಗು ವರ್ಷಕ್ಕೆ 4 ಸೆಂಟಿಮೀಟರಿಗಿಂತ ಕಡಿಮೆ ಬೆಳೆದರೆ ಎಚ್ಚರ ವಹಿಸಬೇಕು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಂಥ ಊರುಗಳಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಇಲ್ಲಿ ಮಗು ಗಿಡ್ಡವಿದ್ದರೆ ಊಟ ಸಾಲದ್ದು ಕಾರಣವಿರಬಹುದೆಂದು ಮೊದಲು ಯೋಚಿಸುವುದು ಸರಿಯೇ. ಥೈರಾಯ್ಡ್, ದೀರ್ಘಕಾಲದ ಕಾಯಿಲೆ, ಹೆಣ್ಣುಮಕ್ಕಳಲ್ಲಿ ಟರ್ನರ್ ಸಿಂಡ್ರೋಮ್ ಕೂಡ ನೋಡಬೇಕು. ಆದರೆ ಊಟ ಸಾಲದ ಮಗುವಿನಲ್ಲಿ ಸಾಮಾನ್ಯವಾಗಿ ತೂಕ ಮೊದಲು ತಗ್ಗುತ್ತದೆ. ಹಾರ್ಮೋನ್ ಕೊರತೆಯ ಮಗು ಎತ್ತರಕ್ಕೆ ಹೋಲಿಸಿದರೆ ಗುಂಡುಗುಂಡಾಗಿಯೇ ಇರುತ್ತದೆ. ಬೆಳವಣಿಗೆಯ ವೇಗ ತಿಳಿಯಲು ವರ್ಷವಿಡೀ ಅಳೆಯುತ್ತ ಕೂತರೆ ಚಿಕಿತ್ಸೆ ತಡವಾಗದೇ ಎಂಬ ಆಕ್ಷೇಪ ನ್ಯಾಯವಾದದ್ದು. ನವಜಾತ ಶಿಶುವಿನ ರಕ್ತದ ಸಕ್ಕರೆ ಪದೇಪದೇ ಇಳಿದರೆ, ಅಥವಾ ದೊಡ್ಡ ಮಗುವಿಗೆ ತಲೆನೋವಿನೊಂದಿಗೆ ದೃಷ್ಟಿ ಮಂದವಾದರೆ ಒಂದು ದಿನವೂ ಕಾಯಬಾರದು. ಉಳಿದವರಿಗೆ ಕಾಯುವ ಪ್ರಮೇಯವೇ ಬಾರದಂತೆ ಅಂಗನವಾಡಿ ಹಾಗೂ ಶಾಲೆಯ ದಾಖಲೆ ಇರಬೇಕು; 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಲ್ಲಿಗೇ ತಪಾಸಣೆಗೆ ಬರುತ್ತವೆ. ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗಿಸಿ, ನೋಟ ನೇರವಾಗಿಟ್ಟು ಆರು ತಿಂಗಳಿಗೊಮ್ಮೆ ಬರೆದಿಟ್ಟ ಎತ್ತರ ಕೈಯಲ್ಲಿದ್ದರೆ, ಗದಗ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೋ ಹುಬ್ಬಳ್ಳಿಗೋ ಹೋದ ಮಗುವಿಗೆ ಅಳೆಯುತ್ತ ಕಾಯಬೇಕಾದ ಒಂದು ವರ್ಷ ಉಳಿತಾಯವಾಗುತ್ತದೆ. ಎಲುಬಿನ ತುದಿಗಳು ಕೂಡಿಕೊಂಡ ಮೇಲೆ ಆ ವರ್ಷವನ್ನು ಯಾವ ಔಷಧಿಯೂ ಮರಳಿ ಕೊಡದು.